ಬಿಸಿಯೂಟದ ಸಾಂಬಾರ್ ಗಟ್ಟಿ ಆಗ್ಬೇಕಾ? ಶಾಲೆ ಊಟದ ಪೌಷ್ಟಿಕತೆ ಹೆಚ್ಚಿಸೋಕೆ ಒಂದು ಪೂರ್ತಿ ಗೈಡ್

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಮೀಟಿಂಗಲ್ಲಿ ಬಿಸಿಯೂಟದ ವಿಷಯ ಎತ್ತಿದ್ರೆ ಸಾಕು, "ಯಾರಾದ್ರೂ ದಾನಿ ಹಿಡಿಯೋಣ, ವಾರಕ್ಕೊಂದಿನ ಸ್ವೀಟ್ ಹಾಕ್ಸೋಣ" ಅನ್ನೋ ಮಾತು ಮೊದ್ಲು ಬರುತ್ತೆ. ನಾನು ಹೇಳೋದು ಉಲ್ಟಾ. ಹೊಸದಾಗಿ ಏನಾದ್ರೂ ತರೋಕೆ ಮುಂಚೆ, ಈಗಾಗ್ಲೇ ಮಗು ಹೆಸರಲ್ಲಿ ಬರ್ತಿರೋ ಬೇಳೆ, ತರಕಾರಿ, ಹಾಲು, ಮೊಟ್ಟೆ ಇದೆಲ್ಲ ಪೂರ್ತಿಯಾಗಿ ಆ ಮಗು ಹೊಟ್ಟೆ ಸೇರ್ತಿದ್ಯಾ ಅಂತ ನೋಡಿ. ಬಹಳಷ್ಟು ಶಾಲೆಲಿ ಊಟ ಸಪ್ಪೆ ಆಗಿರೋದು ದುಡ್ಡು ಸಾಲ್ದೆ ಮಾತ್ರ ಅಲ್ಲ, ಅಳತೆ ತಪ್ಪಿ, ಬೇಯಿಸೋ ಕ್ರಮ ತಪ್ಪಿ, ಆಮೇಲೆ ಮಕ್ಕಳು ಎತ್ತಿಟ್ಟು ಬಿಸಾಕಿ. ಇವು ಮೂರೂ ನಮ್ಮ ಕೈಲೇ ಸರಿ ಮಾಡ್ಕೊಳ್ಳೋ ಅಂಥವು.

ಇದನ್ನ ಬರ್ದಿರೋದು ಹಳ್ಳಿ ಶಾಲೆಲಿ ಅಲ್ಲೇ ಅಡುಗೆ ಮಾಡೋ ಕಡೆಗೆ, ಎಸ್‌ಡಿಎಂಸಿ ಮೆಂಬರ್‌ಗಳು, ಟೀಚರ್‌ಗಳು, ಅಪ್ಪ ಅಮ್ಮಂದಿರು ಓದ್ಲಿ ಅಂತ. ಸಿಟಿಲಿ ದೊಡ್ಡ ಅಡುಗೆಮನೆಯಿಂದ ವ್ಯಾನಲ್ಲಿ ಊಟ ಬರೋ ಶಾಲೆಯವ್ರಿಗೆ ಕೊನೇಲಿ ಸ್ವಲ್ಪ ಇದೆ.

ಹೆಜ್ಜೆ 1: ಮೊದ್ಲು ಲೆಕ್ಕ ಬಾಯಿಪಾಠ ಮಾಡ್ಕೊಳ್ಳಿ

ಒಂದರಿಂದ ಐದನೇ ಕ್ಲಾಸಿನ ಮಗುಗೆ ದಿನಕ್ಕೆ ಅಕ್ಕಿ ಅಥವಾ ಗೋಧಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಆರರಿಂದ ಎಂಟಕ್ಕೆ ಅಕ್ಕಿ 150, ಬೇಳೆ 30, ತರಕಾರಿ 75, ಎಣ್ಣೆ ಏಳೂವರೆ ಗ್ರಾಂ. ಇದರಿಂದ ಚಿಕ್ಕೋರಿಗೆ 450 ಕ್ಯಾಲೊರಿ 12 ಗ್ರಾಂ ಪ್ರೋಟೀನ್, ದೊಡ್ಡೋರಿಗೆ 700 ಕ್ಯಾಲೊರಿ 20 ಗ್ರಾಂ ಪ್ರೋಟೀನ್ ಸಿಗ್ಬೇಕು ಅನ್ನೋದು ನಿಯಮ. ಇದು ಕೇಂದ್ರದ ಅಳತೆ, 2021ರಲ್ಲಿ ಯೋಜನೆ ಹೆಸರು ಪಿಎಂ ಪೋಷಣ್ ಅಂತ ಬದಲಾದ್ರೂ ನಮ್ ಕಡೆ ಎಲ್ರ ಬಾಯಲ್ಲೂ ಅದು ಇನ್ನೂ ಅಕ್ಷರ ದಾಸೋಹನೇ, 2002ರಲ್ಲಿ ಬೀದರ್, ರಾಯಚೂರು ಕಡೆಯ ಏಳು ಜಿಲ್ಲೆಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ್ದು.

ಈಗ ಇದನ್ನ ನಿಮ್ಮ ಶಾಲೆಗೆ ಹಾಕಿ ನೋಡಿ. ಚಿಕ್ಕ ಮಕ್ಕಳು 60, ದೊಡ್ಡ ಮಕ್ಕಳು 40 ಇದಾರೆ ಅಂದ್ಕೊಳ್ಳಿ. ಅವತ್ತು ಎಲ್ರೂ ಬಂದಿದ್ರೆ ಅಕ್ಕಿ 12 ಕೆಜಿ, ಬೇಳೆ 2 ಕೆಜಿ 400 ಗ್ರಾಂ, ತರಕಾರಿ 6 ಕೆಜಿ, ಎಣ್ಣೆ 600 ಗ್ರಾಂ ಒಲೆ ಮೇಲೆ ಹೋಗ್ಬೇಕು. ಇದನ್ನ ಒಂದು ಡ್ರಾಯಿಂಗ್ ಶೀಟಲ್ಲಿ ದೊಡ್ಡದಾಗಿ ಬರ್ದು ಅಡುಗೆಮನೆ ಗೋಡೆಗೆ ಅಂಟಿಸಿ, 50 ಮಕ್ಕಳಿಗೆ ಎಷ್ಟು, 80ಕ್ಕೆ ಎಷ್ಟು, 100ಕ್ಕೆ ಎಷ್ಟು ಅಂತ. ಗೋಡೆ ಮೇಲಿದ್ರೆ ಯಾರೂ ಯಾರನ್ನೂ ಕೇಳೋ ಅಗತ್ಯ ಇಲ್ಲ, ಕಣ್ಣಿಗೆ ಕಾಣುತ್ತೆ ಅಷ್ಟೆ.

ಪ್ರೋಟೀನ್ ಲೆಕ್ಕ ಒಂದ್ಸಲ ಬಿಡಿಸಿ ನೋಡಿದ್ರೆ ಬೇಳೆ ಯಾಕೆ ಮುಖ್ಯ ಅಂತ ಗೊತ್ತಾಗುತ್ತೆ. 100 ಗ್ರಾಂ ಅಕ್ಕಿಲಿ ಸುಮಾರು 8 ಗ್ರಾಂ ಪ್ರೋಟೀನ್, 20 ಗ್ರಾಂ ತೊಗರಿಬೇಳೆಲಿ ನಾಲ್ಕೂ ಚಿಲ್ರೆ, ಅಲ್ಲಿಗೆ ಹನ್ನೆರಡು. ಬೇಳೆ ಅರ್ಧಕ್ಕೆ ಇಳಿದ್ರೆ ಬರೀ ಎರಡು ಗ್ರಾಂ ಕಮ್ಮಿ ಆಗೋದಲ್ಲ, ಅಕ್ಕಿ ಪ್ರೋಟೀನಲ್ಲಿ ಲೈಸಿನ್ ಅನ್ನೋ ಅಂಶ ಕಮ್ಮಿ, ಅದನ್ನ ತುಂಬೋದೇ ಬೇಳೆ, ಬೇಳೆ ಹೋದ್ರೆ ಅಕ್ಕಿಲಿರೋ ಪ್ರೋಟೀನನ್ನೂ ಮೈ ಸರಿಯಾಗಿ ಬಳಸ್ಕೊಳ್ಳಲ್ಲ. ನಮ್ಮಜ್ಜಿ ಕಾಲದಿಂದ್ಲೂ ಅನ್ನ–ಹುಳಿ, ಮುದ್ದೆ–ಕಾಳು ಸಾರು ಅಂತ ಜೋಡಿಲೇ ತಿನ್ನೋದು, ಆ ಜೋಡಿ ತಟ್ಟೇಲಿ ಉಳಿಬೇಕು.

ಹೆಜ್ಜೆ 2: ತಕ್ಕಡಿ ತರ್ಸಿ, ಡಬ್ಬಕ್ಕೆ ಗೆರೆ ಹಾಕಿ

ಎಷ್ಟೋ ಅಡುಗೆಮನೆಲಿ ಅಳತೆ ಅಂದ್ರೆ ಕೈ ಅಂದಾಜು, ಇಲ್ಲ ಒಂದು ಸೊಟ್ಟ ಆಗಿರೋ ಲೋಟ. ದಿನಾ ತೂಕ ಹಾಕಿ ಅಂದ್ರೆ ಅಡುಗೆಯವ್ರಿಗೂ ಬೇಜಾರು, ಅವ್ರು ಬೆಳಗ್ಗೆ ಹಾಲು ಕಾಯಿಸಿ, ಪಾತ್ರೆ ತೊಳ್ದು, ಮಧ್ಯಾಹ್ನದೊಳಗೆ ನೂರು ಜನದ ಊಟ ಇಳಿಸ್ಬೇಕು. ಅದಕ್ಕೆ ಸುಲಭದ ದಾರಿ ಅಂದ್ರೆ ಒಂದ್ಸಲ ಸರಿಯಾಗಿ ತೂಕ ಹಾಕಿ, ಒಂದು ಸ್ಟೀಲ್ ಡಬ್ಬಕ್ಕೆ 1 ಕೆಜಿ ಬೇಳೆ ಸುರಿದು ಅದು ನಿಲ್ಲೋ ಮಟ್ಟಕ್ಕೆ ಒಳಗಡೆ ಮೊಳೆಲಿ ಗೀಚಿ ಗೆರೆ ಹಾಕಿ. ಪೇಂಟ್ ಬೇಡ, ಒಳಗೆ ಬಿದ್ದೀತು. ಎಣ್ಣೆಗೂ ಹಾಗೇ ಒಂದು ಚೊಂಬು. ಬೇಳೆ ಬದಲಾದ್ರೆ, ಅಂದ್ರೆ ತೊಗರಿ ಬದ್ಲು ಹೆಸರುಕಾಳು ಬಂದ್ರೆ, ಇನ್ನೊಂದ್ಸಲ ತೂಕ ಹಾಕಿ ನೋಡ್ಕೊಳ್ಳಿ.

ತೂಕ ಹಾಕೋದು ಹಾಜರಿ ಆದ್ಮೇಲೆ. ಬೆಳಗ್ಗೆ ಹಾಜರಿ ತಗೊಂಡ ತಕ್ಷಣ ಒಬ್ಬ ಟೀಚರ್ ಎರಡು ನಂಬರ್ ಮಾತ್ರ ಅಡುಗೆಮನೆಗೆ ಕಳಿಸ್ಲಿ, ಚಿಕ್ಕೋರು ಇಷ್ಟು, ದೊಡ್ಡೋರು ಇಷ್ಟು. ರಿಜಿಸ್ಟರಲ್ಲಿ ಬರೋ ನಂಬರ್ರೂ ಅಡುಗೆಮನೆಗೆ ಹೋಗೋ ನಂಬರ್ರೂ ಒಂದೇ ಇರ್ಬೇಕು. ಇದನ್ನ ನೇರ ಹೇಳ್ತೀನಿ, ರಿಜಿಸ್ಟರಲ್ಲಿ 95 ಇದ್ದು ಪಂಕ್ತಿಲಿ 70 ಮಕ್ಕಳು ಕೂತಿದ್ರೆ ಪೌಷ್ಟಿಕತೆ ಬಗ್ಗೆ ಬೇರೆ ಏನ್ ಮಾಡಿದ್ರೂ ದಂಡ.

ಹೆಜ್ಜೆ 3: ಸಾಂಬಾರ್ ಟೆಸ್ಟ್

ಇದು ನನ್ನ ಫೇವರಿಟ್, ಯಾವ ಮಿಷಿನ್ನೂ ಬೇಡ. ಊಟಕ್ಕೆ ಮುಂಚೆ ದೊಡ್ಡ ಪಾತ್ರೇಲಿ ಸೌಟನ್ನ ತಳದ ತನಕ ಇಳಿಸಿ ಒಂದ್ಸಲ ತಿರುವಿ, ಒಂದು ಸೌಟು ತಗೊಂಡು ತಟ್ಟೇಲಿ ಗುಡ್ಡೆ ಮಾಡಿರೋ ಅನ್ನದ ಮೇಲೆ ಹಾಕಿ, ಹತ್ತು ಎಣಿಸಿ. ಅನ್ನದ ಮೇಲೆ ಬೇಳೆ ಹಳದಿಯಾಗಿ ನಿಂತಿದ್ರೆ ಸರಿ. ಎಲ್ಲ ಜಾರಿ ಕೆಳಗೆ ಹೋಗಿ ತಟ್ಟೆ ಅಂಚಲ್ಲಿ ತಿಳಿ ನೀರು ಸುತ್ತಿಕೊಂಡು, ಅನ್ನ ಮತ್ತೆ ಬೆಳ್ಳಗೆ ಕಾಣ್ತಿದ್ರೆ ಅದು ಸಾಂಬಾರ್ ಪುಡಿ ನೀರು. ನೂರು ಮಕ್ಕಳ ಲೆಕ್ಕದ 2.4 ಕೆಜಿ ಬೇಳೆ, 6 ಕೆಜಿ ತರಕಾರಿಗೆ ಅಂದಾಜು 20 ಲೀಟರ್ ಸಾಂಬಾರ್ ಆದ್ರೆ ಹದವಾಗಿರುತ್ತೆ, ಒಂದೊಂದು ಮಗುಗೆ 200 ಎಂಎಲ್ ಬರುತ್ತೆ, ಸಾಕು. ಅದೇ ಬೇಳೆನ 35 ಲೀಟರ್ ಮಾಡಿದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಿಲ್ಲ.

ಇನ್ನೊಂದು ವಿಷಯ, ಬಡಿಸೋವಾಗ ತಿರುವಿ ತಿರುವಿ ಬಡಿಸ್ಬೇಕು. ಇಲ್ದಿದ್ರೆ ಮೊದಲ ಸಾಲಿಗೆ ತಿಳಿ, ಕೊನೇ ಸಾಲಿಗೆ ಗಟ್ಟಿ. ಒಂದನೇ ಕ್ಲಾಸಿನೋರು ಮೊದ್ಲು ಕೂರೋದ್ರಿಂದ ಯಾವಾಗ್ಲೂ ಅವ್ರಿಗೇ ನೀರು ಬೀಳೋದು.

ಹೆಜ್ಜೆ 4: ಬೇಳೆ ಬೇಯ್ತಿಲ್ಲ ಅಂತ ಸೋಡಾ ಹಾಕ್ಬೇಡಿ

ಬೋರ್‌ವೆಲ್ ನೀರು ಗಡಸಾಗಿರೋ ಊರುಗಳಲ್ಲಿ, ಅಂದ್ರೆ ತುಮಕೂರು, ಚಿತ್ರದುರ್ಗ, ಕೋಲಾರದ ಕಡೆ ಬಹಳ ಊರಲ್ಲಿ, ಬೇಳೆ ಎಷ್ಟು ಬೇಯಿಸಿದ್ರೂ ಕಾಳು ಕಾಳಾಗೇ ಇರುತ್ತೆ, ಟೈಮ್ ಆಯ್ತು ಅಂತ ಅಡುಗೆ ಸೋಡಾ ಒಂದು ಚಿಟಿಕೆ ಬೀಳುತ್ತೆ. ಸೋಡಾ ಬಿದ್ರೆ ಬೇಳೆ ಕರಗುತ್ತೆ ನಿಜ, ಜೊತೆಗೆ ಬಿ1 ಅನ್ನೋ ವಿಟಮಿನ್ನೂ ಹಾಳಾಗುತ್ತೆ. ಬದಲಿಗೆ ಹಾಜರಿ ನಂಬರ್ ಬಂದ ತಕ್ಷಣ ಬೇಳೆ ತೊಳೆದು ನೆನೆಹಾಕಿ, ಹಾಲಿನ ಕೆಲಸ ಮುಗಿಯೋ ಹೊತ್ತಿಗೆ ಒಂದು ಗಂಟೆ ನೆಂದಿರುತ್ತೆ. ಕುಕ್ಕರ್ ಇದ್ರೆ ಕುಕ್ಕರಲ್ಲೇ, ಅರಿಶಿನ ಮತ್ತು ಒಂದೆರಡು ಚಮಚ ಎಣ್ಣೆ ಹಾಕಿ ಇಡಿ. ಹುಣಸೆಹಣ್ಣು, ಟೊಮ್ಯಾಟೊ ಬೇಳೆ ಪೂರ್ತಿ ಬೆಂದ ಮೇಲೇ. ಹುಳಿ ಮೊದ್ಲೇ ಬಿದ್ರೆ ಬೇಳೆ ಗಟ್ಟಿಯಾಗಿ ಕೂತ್ಬಿಡುತ್ತೆ. ಮಳೆನೀರು ಸಂಗ್ರಹ ಇರೋ ಶಾಲೆಲಿ ಆ ನೀರನ್ನ ಚೆನ್ನಾಗಿ ಶೋಧಿಸಿ ಬೇಳೆಗೆ ಬಳಸಿದ್ರೆ ವ್ಯತ್ಯಾಸ ಎದ್ದು ಕಾಣುತ್ತೆ.

ಉಪ್ಪು ಕೊನೇಗೆ ಹಾಕಿ, ಹಾಕಿದ್ಮೇಲೆ ಮುಚ್ಚಿಡಿ, ಅಯೋಡಿನ್ ಕುದಿದು ಹಾರಿ ಹೋಗ್ಬಾರ್ದು. ಅದೇ ಕಾರಣಕ್ಕೆ ಉಪ್ಪಿನ ಪ್ಯಾಕೆಟ್ ಒಡೆದು ಒಲೆ ಪಕ್ಕ ಬಾಯಿ ತೆರೆದು ಇಡೋದೂ ಬೇಡ.

ಹೆಜ್ಜೆ 5: ತರಕಾರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅಕ್ಕಿ, ಬೇಳೆ, ಎಣ್ಣೆ ಮೇಲಿಂದ ಬರುತ್ತೆ, ತರಕಾರಿ ಮಾತ್ರ ಶಾಲೆಯವ್ರೇ ಕೊಳ್ಳೋದು, ಆಯ್ಕೆ ಇರೋದು ಇಲ್ಲೇ. ಕೈಗೆ ಸಿಗೋ ದುಡ್ಡು ಕಮ್ಮಿ ಅನ್ನೋದ್ರಲ್ಲಿ ಅನುಮಾನನೇ ಇಲ್ಲ, ಟೊಮ್ಯಾಟೊ ರೇಟು ಏರಿದಾಗ ಎಚ್‌ಎಂ ಮೇಡಂ ಜೇಬಿಂದ ಹಾಕೋದೂ ಎಲ್ರಿಗೂ ಗೊತ್ತು. ಆದ್ರೂ ಅದೇ ದುಡ್ಡಲ್ಲಿ ಏನ್ ಕೊಳ್ತೀವಿ ಅನ್ನೋದ್ರ ಮೇಲೆ ಬಹಳ ವ್ಯತ್ಯಾಸ ಆಗುತ್ತೆ.

ಬಿಲ್ ತೆಗೆದು ನೋಡಿ, ಆಲೂಗಡ್ಡೆ, ಈರುಳ್ಳಿ, ಟೊಮ್ಯಾಟೊ, ಇಷ್ಟೇ ಇರುತ್ತೆ. ಆಲೂಗಡ್ಡೆ ತರಕಾರಿ ಅಂಗಡಿಲಿ ಕೂತಿದ್ರೂ ಅದು ಅನ್ನದ ಅಣ್ಣ, ಪಿಷ್ಟನೇ ಜಾಸ್ತಿ. ಈರುಳ್ಳಿ ಟೊಮ್ಯಾಟೊ ರುಚಿಗೆ ಬೇಕು, ಬೇಡ ಅನ್ನಲ್ಲ, ಆದ್ರೆ 50 ಗ್ರಾಮಲ್ಲಿ ಅರ್ಧ ಅದೇ ಆಗ್ಬಾರ್ದು. ವಾರದಲ್ಲಿ ಕನಿಷ್ಠ ಮೂರು ದಿನ ಸೊಪ್ಪು, ಎರಡು ದಿನ ಹಳದಿ–ಕೆಂಪು ಬಣ್ಣದ್ದು ಅಂದ್ರೆ ಸಿಹಿಗುಂಬಳ ಅಥವಾ ಕ್ಯಾರೆಟ್, ಉಳಿದಿದ್ದು ಆ ಸೀಸನ್ನಲ್ಲಿ ಅಗ್ಗ ಇರೋದು, ಹೀಗೆ ಇಟ್ಕೊಂಡ್ರೆ ಸಾಕು. ಸಿಹಿಗುಂಬಳ ನನ್ನ ಪ್ರಕಾರ ಬಿಸಿಯೂಟಕ್ಕೆ ಹೇಳಿ ಮಾಡಿಸಿದ್ದು. ಅಗ್ಗ, ಒಡೆಯದೇ ಇಟ್ರೆ ವಾರಗಟ್ಟಲೆ ಕೆಡಲ್ಲ, ಕಣ್ಣಿಗೆ ಬೇಕಾದ ವಿಟಮಿನ್ ಎ ಆಗೋ ಅಂಶ ಇದೆ, ಬೆಂದ್ರೆ ಸಾಂಬಾರ್ ತಾನಾಗೇ ಗಟ್ಟಿ ಆಗುತ್ತೆ, ಸ್ವಲ್ಪ ಸಿಹಿ ಇರೋದ್ರಿಂದ ಚಿಕ್ಕೋರೂ ಎತ್ತಿಡಲ್ಲ.

ಸೊಪ್ಪಲ್ಲಿ ದಂಟು, ಹರಿವೆ, ಚಕ್ಕೋತ, ಬಸಳೆ, ಉತ್ತರದ ಕಡೆ ಪುಂಡಿ, ರಾಜಗಿರಿ, ಯಾವುದು ಊರಲ್ಲಿ ಸಿಗುತ್ತೋ ಅದು. ನುಗ್ಗೆ ಸೊಪ್ಪಂತೂ ಬಿಟ್ಟಿ ಸಿಗೋದು, ನೂರು ಗ್ರಾಮಿಗೆ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ, ಹಾಲಿಗಿಂತ ಎಷ್ಟೋ ಪಾಲು ಹೆಚ್ಚು, ಜೊತೆಗೆ ಕಬ್ಬಿಣಾಂಶ. ಬಿಡಿಸೋದು ಕಷ್ಟ ಅಂತ ಯಾರೂ ಮುಟ್ಟಲ್ಲ. ಹಿಂದಿನ ಸಂಜೆ ಕೊಂಬೆ ಕಡಿದು ಬಟ್ಟೇಲಿ ಸುತ್ತಿಟ್ರೆ ಬೆಳಗ್ಗೆ ಒದರಿದ್ರೆ ಸಾಕು, ಅರ್ಧಕ್ಕರ್ಧ ಎಲೆ ತಾನೇ ಉದುರುತ್ತೆ.

ಸಂತೆ ದಿನ ಒಟ್ಟಿಗೆ ತರೋರು ಒಂದು ಕ್ರಮ ಇಟ್ಕೊಳ್ಳಿ, ಸೊಪ್ಪು, ಬೀನ್ಸ್, ಬದನೆ ಮೊದಲ ಎರಡು ದಿನಕ್ಕೆ, ಎಲೆಕೋಸು, ಮೂಲಂಗಿ, ಸೋರೆಕಾಯಿ ಮಧ್ಯಕ್ಕೆ, ಕ್ಯಾರೆಟ್, ಬೀಟ್‌ರೂಟ್, ಕುಂಬಳ ವಾರದ ಕೊನೇಗೆ. ಸಂತೆ ಮುಗಿಯೋ ಹೊತ್ತಿಗೆ ಹೋದ್ರೆ ರೇಟು ಇಳಿದಿರುತ್ತೆ, ಆದ್ರೆ ಸೊಪ್ಪು ಮಾತ್ರ ಆ ಹೊತ್ತಲ್ಲಿ ಬಾಡಿರುತ್ತೆ, ಅದನ್ನ ಊರಲ್ಲೇ ಬೆಳೆಯೋರ ಹತ್ರ ವಾರಕ್ಕಿಷ್ಟು ಕಟ್ಟು ಅಂತ ಮಾತಾಡ್ಕೊಳ್ಳಿ.

ಹೆಚ್ಚೋ ವಿಷಯ. ತೊಳೆದು ಹೆಚ್ಚಿ, ಹೆಚ್ಚಿ ತೊಳಿಬೇಡಿ, ನೀರಲ್ಲಿ ಕರಗೋ ವಿಟಮಿನ್‌ಗಳು ಆ ನೀರಿನ ಜೊತೆ ಚರಂಡಿಗೆ ಹೋಗುತ್ತೆ. ಹೆಚ್ಚಿ ಗಂಟೆಗಟ್ಟಲೆ ಗಾಳಿಗಿಡೋದೂ ಬೇಡ. ಸೊಪ್ಪು ಬೇಯಿಸಿದ ನೀರು ಚೆಲ್ಲೋದು ಇನ್ನೂ ದೊಡ್ಡ ನಷ್ಟ, ಅದಕ್ಕೇ ನಮ್ಮ ಬಸ್ಸಾರು ಇಷ್ಟು ಒಳ್ಳೇ ಅಡುಗೆ ನೋಡಿ, ಸೊಪ್ಪು–ಕಾಳು ಬೇಯಿಸಿ ಬಸಿದ ನೀರೇ ಸಾರು, ಬಸಿದ ಸೊಪ್ಪು–ಕಾಳಿಗೆ ಒಗ್ಗರಣೆ ಹಾಕಿದ್ರೆ ಪಲ್ಯ, ಒಂದು ಹನಿಯೂ ದಂಡ ಇಲ್ಲ. ಮಸ್ಸೊಪ್ಪೂ ಹಾಗೇ, ಕಡೆದು ಹಾಕೋದ್ರಿಂದ ಮಕ್ಕಳು ಹೆಕ್ಕಿ ತೆಗೆಯೋಕೆ ಆಗಲ್ಲ.

ಹೆಜ್ಜೆ 6: "ಪ್ಲಾಸ್ಟಿಕ್ ಅಕ್ಕಿ" ಹೆಕ್ಕಿ ಬಿಸಾಕೋದು ನಿಲ್ಲಿಸಿ

ಈಚಿನ ವರ್ಷಗಳಲ್ಲಿ ಶಾಲೆಗೆ ಬಂದಿರೋದು ಸಾರವರ್ಧಿತ ಅಕ್ಕಿ. ನೂರು ಕಾಳು ಮಾಮೂಲಿ ಅಕ್ಕಿಗೆ ಒಂದು ಕಾಳಿನಂತೆ ಬೇರೆ ಥರದ್ದು ಬೆರೆಸಿರ್ತಾರೆ. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಿಷಿನಲ್ಲಿ ಮತ್ತೆ ಅಕ್ಕಿ ಆಕಾರಕ್ಕೆ ಒತ್ತಿರೋದು. ಬಣ್ಣ ಸ್ವಲ್ಪ ಬೇರೆ, ಮೈ ನುಣುಪು, ತೊಳೆಯೋವಾಗ ಕೆಲವು ತೇಲುತ್ತೆ. ಅಷ್ಟಕ್ಕೇ ವಾಟ್ಸಾಪಲ್ಲಿ ಪ್ಲಾಸ್ಟಿಕ್ ಅಕ್ಕಿ ಅಂತ ವಿಡಿಯೋ ಓಡಾಡಿ, ಮೊರದಲ್ಲಿ ಹಾಕ್ಕೊಂಡು ಅದೊಂದನ್ನೇ ಆರಿಸಿ ಎಸೆಯೋರಿದಾರೆ, ಮಗುಗೆ ಅಂತ ಹಾಕಿದ ಔಷಧಿನೇ ಆರಿಸಿ ತಿಪ್ಪೆಗೆ ಹಾಕಿದ ಹಾಗಾಯ್ತು. ಪೋಷಕರ ಸಭೇಲಿ ಒಂದು ಮುಷ್ಟಿ ಅಕ್ಕಿ ತಂದು ಆ ಕಾಳು ತೋರಿಸಿ, ಬೇಯಿಸಿ ಅವ್ರ ಮುಂದೆನೇ ಹಿಸುಕಿ ತೋರಿಸಿ, ಅನ್ನದ ಹಾಗೇ ಮೆತ್ತಗಾಗುತ್ತೆ, ಅಲ್ಲಿಗೆ ಅನುಮಾನ ಹೋಯ್ತು. ಚೀಲದ ಮೇಲೆ ಎಫ್ ಅಕ್ಷರದ ಪಕ್ಕ ಪ್ಲಸ್ ಇರೋ ಗುರುತು ನೋಡ್ಕೊಳ್ಳಿ. ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಇರೋ ಮಗು ಇದ್ರೆ ಮಾತ್ರ ಅದರ ಡಾಕ್ಟರ್ ಹತ್ರ ಕೇಳ್ದೆ ಕೊಡ್ಬೇಡಿ.

ಈ ಅಕ್ಕಿನ ಉಜ್ಜಿ ಉಜ್ಜಿ ನಾಲ್ಕೈದು ನೀರಲ್ಲಿ ತೊಳಿಬೇಡಿ, ಎರಡು ನೀರು ಸಾಕು. ಗಂಜಿ ಬಸಿಯೋ ಪದ್ಧತಿ ಇದ್ರೆ ಬಿಟ್ಟು, ನೀರು ಅಳೆದು ಹಾಕಿ ಇಂಗಿಸಿ ಮಾಡಿ. ದೊಡ್ಡ ಪಾತ್ರೇಲಿ ಹಾಗೆ ಮಾಡಿದ್ರೆ ತಳ ಹಿಡಿಯುತ್ತೆ ಅನ್ನೋದು ನಿಜವಾದ ಕಷ್ಟ, ಅದಕ್ಕೆ ಒಂದೇ ಹಂಡೆ ಬದ್ಲು ಎರಡು ಪಾತ್ರೆಲಿ ಮಾಡೋದು, ಕೊನೇಲಿ ಉರಿ ಪೂರ್ತಿ ಇಳಿಸೋದು.

ಹೆಜ್ಜೆ 7: ಹಾಲು, ರಾಗಿ ಮಾಲ್ಟ್, ಮೊಟ್ಟೆ

ಕ್ಷೀರಭಾಗ್ಯ 2013ರ ಆಗಸ್ಟಲ್ಲಿ ಶುರುವಾಗಿದ್ದು, ಮಗುಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಎಂಎಲ್ ಹಾಲು. ನೂರು ಮಕ್ಕಳಿಗೆ ಪುಡಿ 1.8 ಕೆಜಿ, ಹಾಲು 15 ಲೀಟರ್. ಪಾತ್ರೆಗೆ 15 ಲೀಟರ್ ಗುರುತು ಹಾಕಿಡಿ, 25 ಲೀಟರ್ ಮಾಡಿದ್ರೆ ಯಾರಿಗಾದ್ರೂ ಗೊತ್ತಾಗ್ಬೇಕಲ್ಲ. ಮಕ್ಕಳು ಹಾಲು ಬೇಡ ಅನ್ನೋದು ಬಹಳ ಸಲ ಗಂಟಿಗೆ, ಸೀದ ವಾಸನೆಗೆ. ಪುಡಿನ ಕುದಿಯೋ ನೀರಿಗೆ ಸುರಿಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಗಟ್ಟಿಯಾಗಿ ಕಲೆಸಿ ಗಂಟು ಒಡೆದು, ಆಮೇಲೆ ಬಿಸಿನೀರಿಗೆ ಬಿಡಿ. 2024ರಿಂದ ವಾರದಲ್ಲಿ ಮೂರು ದಿನ ಹಾಲಿನ ಜೊತೆ ರಾಗಿ ಹೆಲ್ತ್ ಮಿಕ್ಸ್ ಬರ್ತಿದೆ, ಅದೂ ಅಷ್ಟೇ, ತಣ್ಣೀರಲ್ಲಿ ಕಲೆಸಿ ಆಮೇಲೆ ಕುದಿಸಿ. ರಾಗಿಲಿ ನೂರು ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿಲಿ ಹತ್ತಿರ ಹತ್ತಿರ ಇಲ್ವೇ ಇಲ್ಲ ಅನ್ಬೋದು. ಬೆಳಗ್ಗೆ ಏನೂ ತಿನ್ದೆ ಬರೋ ಮಕ್ಕಳು ಪ್ರತಿ ಕ್ಲಾಸಲ್ಲೂ ಇರ್ತಾರೆ, ಕೂಲಿಗೆ ಹೋಗೋ ಮನೆಯವ್ರು ಜಾಸ್ತಿ ಇರೋ ಊರಲ್ಲಿ ಇನ್ನೂ ಜಾಸ್ತಿ, ಅವ್ರಿಗೆ ಇದೇ ತಿಂಡಿ. ಪ್ರಾರ್ಥನೆ ಆದ ತಕ್ಷಣ ಕೊಟ್ಬಿಡಿ, ಹನ್ನೊಂದೂವರೆಗೆ ಕೊಟ್ರೆ ಊಟಕ್ಕೆ ಹಸಿವಿರಲ್ಲ.

ಮೊಟ್ಟೆ. 2021ರ ಡಿಸೆಂಬರಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮೊದ್ಲು ಶುರುವಾದಾಗ ಎಷ್ಟು ಗಲಾಟೆ ಆಯ್ತು ಅಂತ ಎಲ್ರಿಗೂ ನೆನಪಿದೆ, ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಕೈಜೋಡಿಸಿದ್ಮೇಲೆ ವಾರದ ಆರೂ ದಿನಕ್ಕೆ ಬಂದಿದೆ. ನನ್ನ ಅಭಿಪ್ರಾಯ ಕೇಳಿದ್ರೆ ಇಡೀ ಬಿಸಿಯೂಟದಲ್ಲಿ ಇದಕ್ಕಿಂತ ಒಳ್ಳೇ ಪದಾರ್ಥ ಇನ್ನೊಂದಿಲ್ಲ, ಒಂದು ಮೊಟ್ಟೆಲಿ ಆರೇಳು ಗ್ರಾಂ ಪ್ರೋಟೀನ್, ಅದೂ ಪೂರ್ತಿ ದಕ್ಕೋ ಅಂಥದ್ದು, ಜೊತೆಗೆ ಬಿ12, ವಿಟಮಿನ್ ಎ. ನೀರಿಗೆ ಹಾಕಿದಾಗ ಮೇಲೆ ತೇಲೋದು ಹಳೇದು, ತೆಗೆದಿಡಿ. ಕುದಿ ಬಂದ್ಮೇಲೆ ಹತ್ತು ಹನ್ನೆರಡು ನಿಮಿಷ, ಆಮೇಲೆ ತಣ್ಣೀರಿಗೆ ಹಾಕಿದ್ರೆ ಸಿಪ್ಪೆ ಸುಲಭ. ಸುಲಿದು ತಟ್ಟೆಗೇ ಹಾಕಿ, ಅಲ್ಲೇ ತಿನ್ಲಿ, ಮನೆಗೆ ತಗೊಂಡೋದ್ರೆ ಯಾರು ತಿಂತಾರೋ.

ತಿನ್ನದೇ ಇರೋ ಮಕ್ಕಳಿಗೆ ಬಾಳೆಹಣ್ಣು ಕೊಡ್ತಾರೆ. ಅವ್ರನ್ನ ಬೇರೆ ಸಾಲಲ್ಲಿ ಕೂರಿಸ್ಬೇಡಿ, ಮೊಟ್ಟೆ ತಿನ್ನೋರನ್ನೂ ಕೂರಿಸ್ಬೇಡಿ, ಹೆಸರು ಕೂಗಿ ಎದ್ದು ನಿಲ್ಲಿಸೋದಂತೂ ಬೇಡ್ವೇ ಬೇಡ. ಆದ್ರೆ ಒಂದು ಮಾತು, ಬಾಳೆಹಣ್ಣಲ್ಲಿ ಪ್ರೋಟೀನ್ ಒಂದು ಗ್ರಾಂ ಇದ್ರೆ ಹೆಚ್ಚು, ಅದು ಮೊಟ್ಟೆಗೆ ಸಮ ಅಲ್ಲ. ದಾನಿಗಳು ಯಾರಾದ್ರೂ ಸಿಕ್ರೆ ಆ ಮಕ್ಕಳಿಗೆ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಅಥವಾ ಕಡಲೆಕಾಳು ಉಸಲಿ ಕೊಡೋ ವ್ಯವಸ್ಥೆ ಮಾಡಿ.

ಹೆಜ್ಜೆ 8: ಕಬ್ಬಿಣ ಮೈಗೆ ಹತ್ತೋ ಹಾಗೆ ನೋಡ್ಕೊಳ್ಳಿ

ಸೊಪ್ಪು, ಬೇಳೆ, ಅಕ್ಕಿಲಿರೋ ಕಬ್ಬಿಣ ಸುಮ್ನೆ ತಿಂದ್ರೆ ಸ್ವಲ್ಪನೇ ಹೀರಿಕೊಳ್ಳೋದು. ಜೊತೆಗೆ ವಿಟಮಿನ್ ಸಿ ಇದ್ರೆ ಹೆಚ್ಚಾಗುತ್ತೆ. ಸಾಂಬಾರ್ ಇಳಿಸಿದ್ಮೇಲೆ ನಿಂಬೆರಸ, ಇಲ್ಲ ಕೊತ್ತಂಬರಿ ಸೊಪ್ಪು, ಸೀಬೆಹಣ್ಣಿನ ಕಾಲದಲ್ಲಿ ಊಟ ಆದ್ಮೇಲೆ ಅರ್ಧರ್ಧ ಹಣ್ಣು, ಬೆಟ್ಟದ ನೆಲ್ಲಿಕಾಯಿ ಸಿಗೋ ಕಾಲದಲ್ಲಿ ಅದರ ಚಟ್ನಿ. ನಿಂಬೆರಸ ಕುದಿಸ್ಬೇಡಿ. ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡ್ತಾರಲ್ಲ, ಚಿಕ್ಕೋರಿಗೆ ಪಿಂಕ್, ದೊಡ್ಡೋರಿಗೆ ನೀಲಿ, ಅದನ್ನ ಹಾಲಿನ ಜೊತೆ ಕೊಡ್ಬೇಡಿ, ಊಟ ಆದ್ಮೇಲೆ ಕೊಡಿ. ಫೆಬ್ರವರಿ ಮತ್ತೆ ಆಗಸ್ಟಲ್ಲಿ ಜಂತುಹುಳು ಮಾತ್ರೆ ದಿನ ಯಾರೂ ತಪ್ಪಿಸ್ಕೊಳ್ಳದ ಹಾಗೆ ನೋಡಿ, ಹೊಟ್ಟೇಲಿ ಹುಳ ಇದ್ರೆ ನಾವು ಹಾಕಿದ್ದೆಲ್ಲ ಅದಕ್ಕೇ.

ಮೊಳಕೆ ಕಾಳು ಇನ್ನೊಂದು ಒಳ್ಳೇ ಉಪಾಯ, ಹೆಸರುಕಾಳು ರಾತ್ರಿ ನೆನೆಸಿ ಬೆಳಗ್ಗೆ ಬಸಿದು ಬಟ್ಟೇಲಿ ಕಟ್ಟಿಟ್ರೆ ಮಾರನೇ ದಿನ ಮೊಳಕೆ. ಮೊಳಕೆ ಬಂದ್ರೆ ವಿಟಮಿನ್ ಸಿ ಹುಟ್ಟುತ್ತೆ, ಕಬ್ಬಿಣ ಹಿಡಿದಿಟ್ಕೊಳ್ಳೋ ಅಂಶ ಕಮ್ಮಿ ಆಗುತ್ತೆ. ಹಸಿಯಾಗಿ ಕೊಡ್ಬೇಡಿ, ನೂರು ಮಕ್ಕಳ ವಿಷಯ, ಐದು ನಿಮಿಷ ಆವಿಲಿ ಬೇಯಿಸೇ ಕೊಡಿ.

ಹೆಜ್ಜೆ 9: ಕೈತೋಟ, ಆದ್ರೆ ಫೋಟೋಗೆ ಅಲ್ಲ

ಜೂನಲ್ಲಿ ಉದ್ಘಾಟನೆ, ಡಿಸೆಂಬರಲ್ಲಿ ಒಣಗಿದ ಬದನೆ ಗಿಡ, ಇದು ಎಲ್ಲಾ ಕಡೆ ಇರೋ ಕಥೆ. ತರಕಾರಿ ಮಡಿ ಮಾಡಿ ದಿನಾ ನೀರು ಹಾಕೋಕೆ ಜನ ಇಲ್ಲ ಅಂದ್ರೆ ಮರ ಜಾತಿ ಗಿಡ ಹಾಕಿ, ನುಗ್ಗೆ ಎರಡು ಮೂರು, ಕರಿಬೇವು, ಪರಂಗಿ, ನಿಂಬೆ, ಸೀಬೆ, ಬೇಲಿ ಮೇಲೆ ಬಸಳೆ. ಕೈ–ತಟ್ಟೆ ತೊಳೆಯೋ ನೀರು ಹರಿದು ಹೋಗೋ ಕಡೆ ಬಾಳೆ ಮತ್ತೆ ಪರಂಗಿ ಇಟ್ರೆ ಬೇರೆ ನೀರೇ ಬೇಡ. ನುಗ್ಗೆ ಮುಂಗಾರು ಶುರುವಲ್ಲಿ ತೋಳು ದಪ್ಪದ ಕೊಂಬೆ ನೆಟ್ರೂ ಬರುತ್ತೆ, ಬಾಗಲಕೋಟೆ ತೋಟಗಾರಿಕೆ ವಿವಿಯ ಭಾಗ್ಯ ತಳಿ ಬೀಜ ಸಿಕ್ರೆ ಇನ್ನೂ ಒಳ್ಳೇದು. ಮೇಲಕ್ಕೆ ಬಿಡಬೇಡಿ, ಎದೆ ಎತ್ತರಕ್ಕೆ ಚಿವುಟ್ತಾ ಇದ್ರೆ ಸೊಪ್ಪು ಕೈಗೆ ಸಿಗುತ್ತೆ. ಔಷಧಿ ಹೊಡಿಯೋದು ಬೇಡ. ಬೇಸಿಗೆ ರಜೇಲಿ ನೀರು ಹಾಕೋಕೆ ಪಕ್ಕದ ಮನೆಯೋರಿಗೆ ಒಪ್ಪಿಸಿ, ಆ ಎರಡು ತಿಂಗಳು ಬರೋ ಸೊಪ್ಪು ನೀವೇ ತಗೊಳ್ಳಿ ಅಂತ ಹೇಳಿ, ಖಂಡಿತ ಹಾಕ್ತಾರೆ.

ಹೆಜ್ಜೆ 10: ಎಂಜಲು ಬಕೆಟ್ ನೋಡಿ

ತಟ್ಟೆ ತೊಳೆಯೋ ಜಾಗದಲ್ಲಿ ಬಕೆಟ್ ಇಡಿ, ಒಂದು ವಾರ ದಿನಾ ಅದರೊಳಗೆ ಏನಿದೆ ನೋಡಿ. ಬೀನ್ಸ್ ತುಂಡು ತುಂಡಾಗಿ ಬಿದ್ದಿದ್ರೆ ದಪ್ಪ ಹೆಚ್ಚಿದಾರೆ. ಮೂಲಂಗಿ ದಿನ ಇಡೀ ಸಾಂಬಾರೇ ಬಿದ್ದಿದ್ರೆ ಮೂಲಂಗಿನ ತುರಿದು ಪಲ್ಯ ಮಾಡಿ ನೋಡಿ. ಅನ್ನ ಬಿದ್ದಿದ್ರೆ ಒಂದೇ ಸಲ ಗುಡ್ಡೆ ಹಾಕ್ತಿದಾರೆ, ಸ್ವಲ್ಪ ಹಾಕಿ ಎರಡನೇ ಸಲ ಕೇಳಿ. ಉಪ್ಪಿಟ್ಟಿನ ದಿನ ಬಕೆಟ್ ತುಂಬೋದು ಮಾಮೂಲು, ಅದಕ್ಕೆ ಕ್ಯಾರೆಟ್ ತುರಿ, ಬಟಾಣಿ, ಹುರಿದ ಕಡಲೆಬೀಜ ಹಾಕಿ ನೀರು ಸ್ವಲ್ಪ ಜಾಸ್ತಿ ಇಟ್ಟು ಮೆತ್ತಗೆ ಮಾಡಿದ್ರೆ ಮಕ್ಕಳು ತಿಂತಾರೆ, ಪ್ರೋಟೀನ್ನೂ ಸೇರುತ್ತೆ. ಖಾರ ಕಮ್ಮಿ ಮಾಡಿ, ಒಂದನೇ ಕ್ಲಾಸಿನ ಮಗು ನಾಲಿಗೆ ಬೇರೆ, ಅಡುಗೆಯವ್ರ ನಾಲಿಗೆ ಬೇರೆ.

ಅಡುಗೆಯವ್ರ ಜೊತೆ ಮಾತಾಡೋ ರೀತಿ

ಇದಕ್ಕೆ ನಂಬರ್ ಹಾಕಿಲ್ಲ, ಯಾಕಂದ್ರೆ ಎಲ್ಲಾ ಹೆಜ್ಜೆಲೂ ಇದು ಬೇಕು. ಇನ್‌ಸ್ಪೆಕ್ಷನ್‌ಗೆ ಬಂದೋರ ಥರ ಪಾತ್ರೆ ಮುಚ್ಚಳ ಎತ್ತಿ "ಏನಿದು ನೀರಾಗಿದೆ" ಅಂದ್ರೆ ಮಾರನೇ ದಿನದಿಂದ ಬಾಗ್ಲು ಹಾಕ್ಕೊಳ್ತಾರೆ. ಅವ್ರಿಗೆ ಸಿಗೋ ಗೌರವಧನ ಎಷ್ಟು, ಅದು ಯಾವಾಗ ಬರುತ್ತೆ ಅಂತ ಮೊದ್ಲು ತಿಳ್ಕೊಳ್ಳಿ. "ಅಕ್ಕಾ, ಬೇಳೆ ಬೇಯೋಕೆ ಬಹಳ ಹೊತ್ತು ಹಿಡಿಯುತ್ತಾ? ಕುಕ್ಕರ್ ಗ್ಯಾಸ್ಕೆಟ್ ಹೋಗಿದ್ಯಾ?" ಅಂತ ಶುರು ಮಾಡಿ, ಅರ್ಧ ಸಮಸ್ಯೆ ಅಲ್ಲೇ ಹೊರಬೀಳುತ್ತೆ. ಗ್ಯಾಸ್ಕೆಟ್ ಹೋಗಿರುತ್ತೆ, ಈಳಿಗೆ ಮೊಂಡಾಗಿರುತ್ತೆ, ಸಿಲಿಂಡರ್ ಲೇಟಾಗಿರುತ್ತೆ. ಈಳಿಗೆ ಸಾಣೆ ಹಿಡಿಸಿಕೊಟ್ರೆ ತರಕಾರಿ ಸಣ್ಣಗಾಗುತ್ತೆ, ಅಷ್ಟು ಸಿಂಪಲ್.

ಸ್ಟೋರ್ ಮತ್ತೆ ಸುರಕ್ಷತೆ

ಚಿಕ್ಕದಾಗಿ ಹೇಳ್ತೀನಿ ಆದ್ರೆ ಇದರಲ್ಲಿ ರಾಜಿ ಇಲ್ಲ. ಚೀಲಗಳು ಮರದ ಹಲಗೆ ಮೇಲೆ, ಗೋಡೆಯಿಂದ ದೂರ, ಹಳೇದು ಮುಂದೆ ಹೊಸದು ಹಿಂದೆ. ಹುಳ ಬಿದ್ದ ಬೇಳೆ, ಡೇಟ್ ಮುಗಿದ ಎಣ್ಣೆ ಬಂದ್ರೆ ಇಳಿಸ್ಕೊಳ್ಳೋವಾಗ್ಲೇ ಬೇಡ ಅಂತ ಚೀಟಿ ಮೇಲೆ ಬರೆದು ವಾಪಸ್ ಕಳಿಸಿ. ಕೀಟನಾಶಕ, ಫಿನಾಯಿಲ್ ಅಡುಗೆಮನೆ ಕಡೆ ಸುಳಿಬಾರ್ದು, ಅಂಥ ಡಬ್ಬ ತೊಳೆದು ಎಣ್ಣೆಗೆ ಬಳಸೋದಂತೂ ಕನಸಲ್ಲೂ ಬೇಡ. 2013ರ ಜುಲೈಲಿ ಬಿಹಾರದ ಗಂಡಾಮನ್ ಅನ್ನೋ ಊರಲ್ಲಿ ಊಟದ ಎಣ್ಣೆಲಿ ಕೀಟನಾಶಕ ಇದ್ದು 23 ಮಕ್ಕಳು ಸತ್ರು. ಇಂಥದ್ದು ಆಗ್ಬಾರ್ದು ಅಂತ್ಲೇ ಮಕ್ಕಳಿಗೆ ಬಡಿಸೋ ಮುಂಚೆ ಟೀಚರ್ ಒಬ್ರಾದ್ರೂ ರುಚಿ ನೋಡಿ ರಿಜಿಸ್ಟರಲ್ಲಿ ಬರೀಬೇಕು ಅನ್ನೋ ನಿಯಮ, ತಿಂಗಳ ಕೊನೇಲಿ ಒಟ್ಟಿಗೆ ಸೈನ್ ಹಾಕೋಕಲ್ಲ ಅದು. ಅಪ್ಪ ಅಮ್ಮಂದಿರೂ ಸರದಿ ಮೇಲೆ ಬಂದು ಊಟ ಮಾಡಿ ಹೋಗ್ಬೋದು, ಬನ್ನಿ.

ಹುಟ್ಟುಹಬ್ಬ, ದಾನಿ, ತಿಥಿ ಭೋಜನ

ತಿಥಿ ಭೋಜನ ಅಂದ್ರೆ ವಿಶೇಷ ದಿನಗಳಲ್ಲಿ ಊರವ್ರು ಶಾಲೆ ಮಕ್ಕಳಿಗೆ ಕೊಡೋ ಊಟ. ದಾನಿ ಬೇಡ ಅಂತ ನಾನು ಹೇಳ್ತಿಲ್ಲ, ಕೊನೇಗೆ ಬರ್ಲಿ ಅಂತ. ಮೇಲಿನದೆಲ್ಲ ಸರಿ ಆದ್ಮೇಲೆ ಯಾರಾದ್ರೂ ಕೇಳಿದ್ರೆ ಕೇಕ್, ಜಹಾಂಗೀರ್ ಬೇಡ, ಹತ್ತು ಕೆಜಿ ಹೆಸರುಕಾಳು, ಒಂದು ಮೂಟೆ ಕಡಲೆಕಾಯಿ, ಒಂದು ಕ್ರೇಟ್ ಸೀಬೆಹಣ್ಣು ಅಂತ ಲಿಸ್ಟ್ ಕೈಗೆ ಕೊಡಿ. ಅವರೆಕಾಯಿ ಕಾಲದಲ್ಲಿ ರೈತರ ಹತ್ರ ಕಾಯಿ ಕೇಳಿ, ಸುಲಿಯೋಕೆ ತಾಯಂದಿರು ಬರ್ಲಿ, ಅವತ್ತು ಅವರೆಕಾಳು ಸಾರು, ಮಕ್ಕಳು ತಟ್ಟೆ ನೆಕ್ತಾರೆ.

ಆಗ್ತಿದ್ಯಾ ಇಲ್ವಾ ಅಂತ ನೋಡೋದು

ಜೂನಲ್ಲಿ ಒಂದ್ಸಲ, ಫೆಬ್ರವರಿಲಿ ಒಂದ್ಸಲ ಎಲ್ಲಾ ಮಕ್ಕಳ ಎತ್ತರ, ತೂಕ ಬರೆದಿಡಿ. ತೂಕ ಏರದೇ ಇರೋ ಮಕ್ಕಳ ಪಟ್ಟಿ ಮಾಡಿ, ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರ್ ತಂಡ ಶಾಲೆಗೆ ಬಂದಾಗ ಅವ್ರ ಮುಂದಿಡಿ, ರಕ್ತ ಪರೀಕ್ಷೆ ಕೇಳಿ. ಶಾಲೆ ಮಟ್ಟದಲ್ಲಿ ಸರಿಹೋಗದ ವಿಷಯ, ಅಂದ್ರೆ ರೇಷನ್ ಕ್ವಾಲಿಟಿ, ಕುಕ್ಕರ್, ನೀರು, ಇವನ್ನ ಎಸ್‌ಡಿಎಂಸಿ ನಡಾವಳಿಲಿ ಬರೆದು ತಾಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಕಳಿಸಿ, ಒಂದು ಕಾಪಿ ಗ್ರಾಮ ಪಂಚಾಯ್ತಿಗೆ. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಗುತ್ತೆ. ಮಕ್ಕಳ ಗ್ರಾಮಸಭೇಲಿ ಮಕ್ಕಳೇ ಎದ್ದು ಕೇಳಿದ್ರೆ ಇನ್ನೂ ಬೇಗ ಕೆಲಸ ಆಗುತ್ತೆ.

ವ್ಯಾನಲ್ಲಿ ಊಟ ಬರೋ ಶಾಲೆಯವ್ರಿಗೆ

ನಿಮಗೆ ಅಡುಗೆಮನೆ ಕೈಲಿಲ್ಲ, ಆದ್ರೆ ಡಬ್ಬ ತೆಗೆಯೋದು ನೀವೇ. ವ್ಯಾನ್ ಬಂದ ಟೈಮ್, ಎಷ್ಟು ಡಬ್ಬ, ಸಾಂಬಾರ್ ಬಿಸಿ ಇದ್ಯಾ ಇಲ್ವಾ ದಿನಾ ಒಂದು ಬುಕ್ಕಲ್ಲಿ ಬರೀರಿ, 65 ಡಿಗ್ರಿಗಿಂತ ಕೆಳಗೆ ಇಳಿದು ಬಂದಿದ್ರೆ ತಗೊಳ್ಳೋ ಮುಂಚೆ ಪ್ರಶ್ನೆ ಮಾಡಿ, ಒಂದು ಅಡುಗೆ ಥರ್ಮಾಮೀಟರ್ ತಂದಿಟ್ಕೊಳ್ಳೋದು ಕಷ್ಟ ಅಲ್ಲ. ಸೌಟಿನ ಟೆಸ್ಟ್ ಇಲ್ಲೂ ಮಾಡಿ, ನೀರಾಗಿದ್ರೆ ಫೋಟೋ ಡೇಟ್ ಸಮೇತ. ಮಕ್ಕಳು ಯಾವ ದಿನ ತಿನ್ನಲ್ಲ ಅನ್ನೋದನ್ನ ತಿಂಗಳಿಗೊಂದ್ಸಲ ಬರವಣಿಗೆಲಿ ಆ ಅಡುಗೆಮನೆಗೂ ಬ್ಲಾಕ್ ಆಫೀಸಿಗೂ ಕೊಡಿ, ಮೆನು ಬದಲಾಗೋದು ಇಂಥ ಕಾಗದಗಳು ನಾಲ್ಕೈದು ಶಾಲೆಯಿಂದ ಒಟ್ಟಿಗೆ ಹೋದಾಗ್ಲೇ, ಅದಕ್ಕೆ ಅಕ್ಕಪಕ್ಕದ ಶಾಲೆಯವ್ರನ್ನೂ ಜೊತೆಗೆ ಸೇರಿಸ್ಕೊಳ್ಳಿ.